ಸರೋಜಳ ಕಾರ್ಡಿಗೆ ಪೇಸ್ಟು ಹಚ್ಚಿದ್ದು

ಮನೆಯಲ್ಲಿ ಒಬ್ಬರು ತೀರಿಕೊಂಡ ಮೇಲೆ ಉಳಿದವರಿಗೆ ಊರಿನವರೆಲ್ಲ ಕೊಡುವ ಸಲಹೆ ಒಂದೇ: ಏನಾದರೂ ಕೆಲಸ ಹಚ್ಚಿಕೋ. ಯಾವ ಕೆಲಸ ಎಂದು ಕೇಳಿದರೆ ಮಾತ್ರ ಎಲ್ಲರೂ ಗಡಿಯಾರ ನೋಡುತ್ತಾರೆ. ನಾನು ರೇಷ್ಮೆ ಸೀರೆ ನೇಯುವವನು. ಕಾಲು ಮಗ್ಗದ ಗುಂಡಿಗೆ ಇಳಿಬಿಡುವಷ್ಟು ಉದ್ದವಾದ ದಿನದಿಂದ ಕೆಲಸ ಹಚ್ಚಿಕೊಂಡೇ ಕೂತಿದ್ದೇನೆ. ಆದರೂ ಸಲಹೆಗಳು ಬಂದವು. ಒಬ್ಬರು ಹಸು ಕಟ್ಟು ಎಂದರು. ಇನ್ನೊಬ್ಬರು ದಿನಾ ಬೆಳಿಗ್ಗೆ ಗುಡ್ಡ ಹತ್ತಿ ಇಳಿ ಎಂದರು. ಮೊಳಕಾಲ್ಮೂರಿನಲ್ಲಿ ಗುಡ್ಡಕ್ಕೆ ಬರವಿಲ್ಲವಾದ್ದರಿಂದ ಆ ಸಲಹೆಗೆ ಖರ್ಚೂ ಇರಲಿಲ್ಲ. ಎದುರುಮನೆಯ ನಿವೃತ್ತ ಮೇಷ್ಟ್ರು ಹಾರ್ಮೋನಿಯಂ ಕಲಿತುಕೋ ಎಂದರು. ಅವರ ಅಟ್ಟದ ಮೇಲೆ ಮಾರುವುದಕ್ಕೆ ಒಂದು ಹಾರ್ಮೋನಿಯಂ ಇತ್ತು. ಎಲ್ಲರ ಮಾತಿಗೂ ಹೂಂ ಎಂದು, ಕೊನೆಗೆ ನಾನು ತೊಡಗಿಕೊಂಡದ್ದು ಇವರ್ಯಾರೂ ಹೇಳದ ಒಂದು ಕೆಲಸಕ್ಕೆ. ಹಳೆಯ ಗ್ರಾಫಿಕ್ಸ್ ಕಾರ್ಡೊಂದಕ್ಕೆ ಪೇಸ್ಟು ಹಚ್ಚುವ ಕೆಲಸ ಅದು.

ಹೋದ ಶ್ರಾವಣದಲ್ಲಿ ನನ್ನ ಹೆಂಡತಿ ಸರೋಜ ತೀರಿಕೊಂಡಳು. ಕಾಯಿಲೆಯ ವಿಷಯ ಇಲ್ಲಿ ಬೇಡ. ಬಂದವರಿಗೆಲ್ಲ ಹೇಳಿ ಹೇಳಿ ಅದು ನನಗೆ ಮಗ್ಗಿಯಂತೆ ಬಾಯಿಪಾಠವಾಗಿದೆ. ಅವಳು ಚಳ್ಳಕೆರೆಯವಳು, ಎಣ್ಣೆ ಮಿಲ್ಲಿನ ಗುಮಾಸ್ತರ ಮಗಳು, ಪಿಯುಸಿ ಪಾಸು. ನಾನು ಎಸ್ಸೆಸ್ಸೆಲ್ಸಿ, ಅದೂ ಎರಡನೆಯ ಸಲಕ್ಕೆ. ಮದುವೆಯಾಗಿ ಬಂದವಳು ಒಂದಷ್ಟು ದಿನ ಸುಮ್ಮನೆ ನಮ್ಮ ಮಗ್ಗ ನೋಡಿದಳು. ಆಮೇಲೆ, ಸೀರೆಯ ಅಂಚಿನ ಚಿತ್ರವನ್ನು ಚೌಕುಳಿ ಕಾಗದದ ಮೇಲೆ ಬರೆದು, ತಪ್ಪಿದರೆ ಬ್ಲೇಡಿನಲ್ಲಿ ಕೆರೆದು, ಕಾಗದ ತೂತಾದರೆ ಅಳುವಂತಾಗುವ ನಮ್ಮ ಪದ್ಧತಿಯನ್ನು ನೋಡಿ ಅವಳಿಗೆ ನಗು ಬಂತು. ಚಳ್ಳಕೆರೆಗೆ ಹೋಗಿ ಬಂದು ಕಂಪ್ಯೂಟರ್ ಕಲಿತಳು. ತವರಿನವರಿಂದ ಒಂದು ಹಳೆಯ ಕಂಪ್ಯೂಟರನ್ನೂ ತಂದಳು. ಮಗ್ಗದ ಪಕ್ಕದಲ್ಲಿ, ದೇವರ ಗೂಡಿನ ಕೆಳಗೆ ಅದನ್ನಿಟ್ಟು ಅಂಚು ಬರೆಯತೊಡಗಿದಳು. ನಮ್ಮ ಅಮ್ಮ ಮೊದಲ ದಿನ ಅದಕ್ಕೂ ಕುಂಕುಮ ಇಟ್ಟಳು. ಇಲಿಯಾಕಾರದ ಆ ಮೌಸಿಗೂ ಇಟ್ಟಳು. ಅದು ಒಂದು ವಾರ ಓಡಾಡಲಿಲ್ಲ.

ಸರೋಜ ಬರೆಯುತ್ತಿದ್ದದ್ದು ಶೇಂಗಾ. ನಮ್ಮಲ್ಲಿ ಅಂಚಿಗೆ ಮಾವಿನಕಾಯಿ, ಗಿಳಿ, ರುದ್ರಾಕ್ಷಿ ಇವನ್ನು ಹಾಕುವುದು ವಾಡಿಕೆ. ಇವಳು ಶೇಂಗಾ ಬಳ್ಳಿ ಬರೆದಳು. ಎಲೆ, ಸಣ್ಣ ಹೂವು, ಕೆಳಗೆ ನಡು ಸಣ್ಣಗಿರುವ ಕಾಯಿಗಳು. ಸೀರೆ ಕೊಳ್ಳುವ ಸಾವ್ಕಾರ್ರು ಕನ್ನಡಕ ಏರಿಸಿ ನೋಡಿದರು.

"ಏನಮ್ಮ, ಮದುವೆ ಹೆಣ್ಣು ಶೇಂಗಾ ಉಟ್ಕೊಂಡು ಹಸೆಮಣೆ ಮೇಲೆ ಕೂತ್ಕೊಂತಾಳಾ?"

"ಮಾವಿನಕಾಯಿ ಉಟ್ಕೊಂಡು ಕೂತ್ಕೊಳಲ್ವೇನ್ರಿ ಸಾವ್ಕಾರ್ರೇ? ನಮ್ ಕಡೆ ಮಾವಿನ ಗಿಡ ಎಷ್ಟೈತೆ, ಶೇಂಗಾ ಹೊಲ ಎಷ್ಟೈತೆ, ನೀವೇ ಹೇಳ್ರಿ."

ಸಾವ್ಕಾರ್ರು ಕನ್ನಡಕ ಇಳಿಸಿದರು. ಸೀರೆ ತೆಗೆದುಕೊಂಡು ಹೋದರು. ಮುಂದಿನ ತಿಂಗಳು ಬಂದು ಇನ್ನೂ ಎರಡು ಬೇಕೆಂದರು, ಮುಖ ಬೇರೆ ಕಡೆ ತಿರುಗಿಸಿಕೊಂಡು.

ಗ್ರಾಫಿಕ್ಸ್ ಕಾರ್ಡು ನಮ್ಮ ಮನೆಗೆ ಬಂದದ್ದು ಒಂದು ಸಿಡಿಲಿನ ದೆಸೆಯಿಂದ. ಆ ಸಿಡಿಲಿಗೆ ಕಂಪ್ಯೂಟರಿನೊಳಗೆ ಪರದೆಗೆ ಚಿತ್ರ ಕಳಿಸುವ ಭಾಗ ಸುಟ್ಟುಹೋಯಿತು. ಚಳ್ಳಕೆರೆಯಲ್ಲಿ ರಫೀಕ್ ಭಾಯಿ ಎಂಬುವರದ್ದು ಕಂಪ್ಯೂಟರ್ ರಿಪೇರಿ ಅಂಗಡಿ. ಅದಕ್ಕೂ ಮುಂಚೆ ಅವರು ಕಾಲೇಜು ಹುಡುಗರಿಗೆಂದು ಆಟದ ಕಂಪ್ಯೂಟರುಗಳನ್ನು ಇಟ್ಟಿದ್ದರಂತೆ. ಹುಡುಗರು ಕ್ಲಾಸು ಬಿಟ್ಟು ಬಂದು ಕೂತರು, ಅವರ ಅಪ್ಪಂದಿರು ಕೆಲಸ ಬಿಟ್ಟು ಬಂದು ನಿಂತರು, ರಫೀಕ್ ಭಾಯಿ ಬಾಗಿಲು ಹಾಕಿದರು. ಆ ಕೋಣೆಯಿಂದ ಉಳಿದ ಒಂದು ಕಾರ್ಡನ್ನು ಸರೋಜ ತಂದಳು. ಅಂಗೈಗಿಂತ ಸ್ವಲ್ಪ ದೊಡ್ಡ ಹಸಿರು ಹಲಗೆ, ಅದರ ಮೇಲೆ ಬಾಚಣಿಗೆಯಂತೆ ಹಲ್ಲುಗಳಿರುವ ಅಲ್ಯೂಮಿನಿಯಂ ತಟ್ಟೆ, ತಟ್ಟೆಯ ಮೇಲೆ ಪುಟ್ಟ ಫ್ಯಾನು. ವರ್ಷಗಟ್ಟಲೆ ಯುದ್ಧ, ಕಾರ್ ರೇಸು, ಗುಂಡಿನ ಸುರಿಮಳೆ ತೋರಿಸಿದ್ದ ಆ ಕಾರ್ಡು ನಮ್ಮ ಮನೆಗೆ ಬಂದು ಶೇಂಗಾ ತೋರಿಸತೊಡಗಿತು. ಅದಕ್ಕೆ ಅದು ನಿವೃತ್ತ ಜೀವನದಂತೆ ಅನಿಸಿರಬೇಕು.

ಸರೋಜ ಕೊನೆಯದಾಗಿ ಬರೆಯುತ್ತಿದ್ದದ್ದು ತನ್ನ ತಂಗಿ ಸುಶೀಲಳ ಮಗಳು ಕಾವ್ಯಳ ಮದುವೆ ಸೀರೆಯ ಅಂಚು. ಬಳ್ಳಿಯಲ್ಲಿ ಐದು ಕಾಯಿ ಬರಬೇಕು. ನಾಲ್ಕನ್ನು ಬರೆದಿದ್ದಳು, ನಾಲ್ಕೂ ಬೇರೆ ಬೇರೆ. ಒಂದು ತುಂಬಿದ್ದು, ಒಂದು ಎಳೆಯದು, ಒಂದರ ಸಿಪ್ಪೆ ಸ್ವಲ್ಪ ಬಿರಿದದ್ದು, ಒಂದಕ್ಕೆ ಬೇರು ಅಂಟಿದ್ದು. ಐದನೆಯದರ ಜಾಗ ಖಾಲಿ ಇತ್ತು. ತಿಂಗಳುಗಳಾದ ಮೇಲೆ ಸುಶೀಲ ಫೋನು ಮಾಡಿದಳು.

"ಬಾವ, ಕಾವ್ಯಂಗೆ ವೈಶಾಖದಾಗೆ ಮದುವೆ ಇಟ್ಕೊಂಡೀವಿ. ಅಕ್ಕ ಒಂದು ಸೀರೆ ಅಂದಿದ್ಲು. ಆಗಲ್ಲಾಂದ್ರೆ ಬಿಡ್ರಿ, ಅಂಗಡೀಲಿ ತರ್ತೀವಿ."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೆ ಆ 'ಬಿಡ್ರಿ' ಎಂಬುದನ್ನು ನನಗೆ ಬಿಡಲಾಗಲಿಲ್ಲ. "ಆಗುತ್ತಮ್ಮ" ಎಂದೆ. ಅದೇ ದಿನ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದೆ. ಅಂಚು ಬರೆಯುವ ಆ ಪ್ರೋಗ್ರಾಮು ಸರೋಜ ಇದ್ದಾಗ ನಾನೂ ಅಷ್ಟಿಷ್ಟು ನೋಡಿದ್ದೆ. ಯಾವ ಗುಂಡಿ ಒತ್ತಿದರೆ ಚೌಕುಳಿ ತುಂಬುತ್ತದೆ, ಯಾವುದು ಒತ್ತಿದರೆ ಅಳಿಯುತ್ತದೆ ಎಂಬಷ್ಟು. ಬಳ್ಳಿ ತೆರೆಯಿತು. ನಾಲ್ಕು ಕಾಯಿ ಕಂಡವು. ಐದನೆಯದಕ್ಕೆ ಕೈ ಹಾಕಿ ಮೂರು ನಾಲ್ಕು ಚೌಕುಳಿ ತುಂಬುವಷ್ಟರಲ್ಲಿ ಪರದೆಯ ತುಂಬ ಬಣ್ಣಬಣ್ಣದ ಪಟ್ಟೆಗಳು ಬಂದು, ಹಾಗೇ ಕಪ್ಪಾಗಿಹೋಯಿತು.

ನಮ್ಮೂರಿನಲ್ಲಿ ಏನು ಕಪ್ಪಾದರೂ ಮೊದಲು ಬೈಸಿಕೊಳ್ಳುವುದು ಕರೆಂಟಿನವರು. ನಾನೂ ಬೈದೆ. ಆದರೆ ಮೇಲೆ ಬಲ್ಬು ಉರಿಯುತ್ತಲೇ ಇತ್ತು. ಮತ್ತೆ ಹಚ್ಚಿದೆ, ಮತ್ತೆ ಪಟ್ಟೆ, ಮತ್ತೆ ಕಪ್ಪು. ಸಂಜೆಯವರೆಗೆ ಇದೇ ನಡೆಯಿತು. ನಿಜ ಹೇಳಬೇಕೆಂದರೆ ಒಂದು ಕಡೆಯಿಂದ ನನಗೆ ಸಮಾಧಾನವೂ ಆಗುತ್ತಿತ್ತು. ಕಾಯಿ ನನ್ನ ಕೈಯಲ್ಲಿ ಹಾಳಾಗುವ ಮೊದಲೇ ಕಂಪ್ಯೂಟರು ಹಾಳಾಗುತ್ತಿತ್ತು.

ಮರುದಿನ ರಫೀಕ್ ಭಾಯಿಗೆ ಫೋನು ಮಾಡಿದೆ. ಅವರು ಎಲ್ಲವನ್ನೂ ಕೇಳಿ, "ಸಾಬ್, ಫ್ಯಾನ್ ತಿರುಗ್ತದಾ?" ಎಂದರು. ತಿರುಗುತ್ತದೆ ಎಂದೆ. "ಹಂಗಾದ್ರೆ ಪೇಸ್ಟ್ ಒಣಗೈತೆ. ತಟ್ಟೆ ಕೆಳಗೆ ಒಂದು ಚಿಪ್ ಇರ್ತದೆ, ಅದೇ ಬಿಸಿ ಆಗೋದು. ಚಿಪ್ಪಿಗೂ ತಟ್ಟೆಗೂ ನಡುವೆ ಪೇಸ್ಟ್ ಇರ್ತದೆ, ಬಿಸೀನ ಮೇಲಕ್ಕೆ ಎಳ್ಕೊಂಡು ಹೋಗೋಕೆ. ಒಣಗಿದ್ರೆ ಎಳೆಯಲ್ಲ. ಹಳೇದನ್ನ ಸಾಫ್ ವರೆಸಿ, ಹೊಸದು ಸ್ವಲ್ಪ ಹಚ್ಚಿ. ಜೋಳದ ಕಾಳಷ್ಟು. ಬಸ್ಸಲ್ಲಿ ಕಳಿಸ್ತೀನಿ, ಇಳಿಸ್ಕಳ್ರಿ."

ಪೇಸ್ಟು ಬಸ್ಸಿನಲ್ಲಿ ಬಂತು. ನಮ್ಮ ಕಡೆ ಔಷಧಿ, ಹೂವಿನ ಹಾರ, ಟ್ರ್ಯಾಕ್ಟರಿನ ಬಿಡಿಭಾಗ, ಎಲ್ಲವೂ ಹೀಗೇ ಡ್ರೈವರಿನ ಸೀಟಿನ ಪಕ್ಕ ಕೂತು ಬರುತ್ತವೆ. ಕಂಡಕ್ಟರು ಪೇಪರಿನ ಪೊಟ್ಟಣ ಕೊಡುತ್ತ, "ಏನ್ರೀ ಇದು, ತಳಕು ಸ್ಟಾಪಿಂದ ಇಲ್ಲೀತಂಕ ಮೂಗಿಗೆ ಹಿಡ್ದು ನೋಡ್ತಾನೇ ಬಂದೆ, ಯಾವ ವಾಸನೀನೂ ಇಲ್ಲ" ಎಂದ. ಸೂಜಿಯಿಲ್ಲದ ಇಂಜೆಕ್ಷನ್ನಿನಂಥ ಕೊಳವೆ, ಒಳಗೆ ಬೂದು ಬಣ್ಣದ ಮುಲಾಮು. ಮನೆಗೆ ತಂದರೆ ಅಮ್ಮ ಅದನ್ನು ನೋಡಿ ಮಂಡಿಗೆ ಹಚ್ಚಿಕೊಳ್ಳಬಹುದಾ ಎಂದು ಕೇಳಿದಳು.

ಇಲ್ಲಿ ನಮ್ಮ ಅಮ್ಮನ ವಿಷಯ ಹೇಳಬೇಕು. ಮನೆಯಲ್ಲಿ ಅವಳದ್ದು ಅರ್ಧ ತೆಲುಗು, ಅರ್ಧ ಕನ್ನಡ, ಬೈಯುವಾಗ ಎರಡೂ. ನಮ್ಮ ಬೀದಿಯಲ್ಲಿ ಎಳೆ ಸೇರಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಸೀರೆ ನೇಯ್ದು ಮುಗಿದ ಮೇಲೆ ನಾವು ಉದ್ದೆಳೆಗಳನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲೇ ಬಿಟ್ಟು, ಅದರ ಒಂದೊಂದು ತುದಿಗೂ ಹೊಸ ಎಳೆಯ ಒಂದೊಂದು ತುದಿಯನ್ನು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೊಸೆದು ಸೇರಿಸುತ್ತೇವೆ. ಗಂಟಿಲ್ಲ, ಅಂಟಿಲ್ಲ, ಬರೀ ಹೊಸೆತ. ಹಳೆಯದನ್ನು ಎಳೆದರೆ ಹೊಸದು ಅದರ ಹಿಂದೆ ತಾನಾಗಿ ಬಂದು ಮಗ್ಗದಲ್ಲಿ ಕೂರುತ್ತದೆ. ತುದಿ ಬಿಡದೆ ಕತ್ತರಿಸಿದ ಮಗ್ಗವನ್ನು ಮತ್ತೆ ಹೂಡುವುದೆಂದರೆ ದಿನಗಟ್ಟಲೆ ಕೆಲಸ. ಹಾಗಾಗಿ ಹಳೆಯದರ ತುದಿ ಇರಬೇಕು ಎಂಬುದು ನಮಗೆ ಅಕ್ಷರಕ್ಕಿಂತ ಮೊದಲು ಬರುವ ಪಾಠ.

ಕಾರ್ಡನ್ನು ಹೊರಗೆ ತೆಗೆದು ಮಣೆಯ ಮೇಲಿಟ್ಟೆ. ತಟ್ಟೆಯನ್ನು ಹಿಡಿದಿದ್ದ ಎರಡು ಪ್ಲಾಸ್ಟಿಕ್ ಮೊಳೆಗಳನ್ನು ಇಕ್ಕಳದಲ್ಲಿ ಒತ್ತಿ ಬಿಡಿಸಿದೆ. ತಟ್ಟೆ ಬರಲಿಲ್ಲ. ಸ್ವಲ್ಪ ತಿರುಚಿದೆ, ಚಟ್ ಎಂದು ಬಂತು. ಒಳಗೆ ಹಳೆಯ ಪೇಸ್ಟು ಸುಣ್ಣದ ಗೋಡೆಯಂತೆ ಒಣಗಿ ಬಿರುಕು ಬಿಟ್ಟಿತ್ತು. ಆ ಚಿಪ್ಪಿನ ಆಚೆ, ಹಸಿರು ಹಲಗೆಯ ಮೇಲೆ, ಹೆಚ್ಚಾದ ಪೇಸ್ಟನ್ನು ಯಾರೋ ಬೆರಳಲ್ಲಿ ಸವರಿ ಬಿಟ್ಟ ಗುರುತು ಒಂದಿತ್ತು. ಕುಂಕುಮ ಹೆಚ್ಚಾದಾಗ ಹೆಂಗಸರು ಉಂಗುರದ ಬೆರಳಲ್ಲಿ ಪಕ್ಕಕ್ಕೆ ಎಳೆಯುತ್ತಾರಲ್ಲ, ಹಾಗೆ. ಬೆರಳಿನ ಗೆರೆಗಳೂ ಕಾಣುತ್ತಿದ್ದವು.

ಆಗ ನನಗೆ ನೆನಪಾಯಿತು. ಕಾರ್ಡು ತಂದ ಮೊದಲ ಬೇಸಿಗೆಯಲ್ಲಿ ಸರೋಜ ಇದೇ ಕೆಲಸ ಮಾಡಿದ್ದಳು. ನನ್ನ ಕೈಗೆ ಟಾರ್ಚು ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಳು. "ರೀ, ಬ್ಯಾಟ್ರಿ ಇಲ್ಲಿ ಹಿಡೀರಿ, ನನ್ ಮಕಕ್ಕಲ್ಲ" ಎಂದು ಎರಡು ಮೂರು ಸಲ ಹೇಳಿದ್ದಳು. ನಾನು ಅವಳ ಮುಖಕ್ಕೇ ಹಿಡಿದಿದ್ದೆ. ಈ ಕೆಲಸ ಹೇಗೆ ಮಾಡುವುದೆಂದು ಅಂದು ನೋಡಿಕೊಂಡಿದ್ದರೆ ಇಂದು ಒದ್ದಾಡುವುದಿರಲಿಲ್ಲ. ನೋಡಿದ್ದು ಬೇರೆ ಏನನ್ನೋ.

ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಕೈ ಮುಂದೆ ಹೋಗಲಿಲ್ಲ. ಅಮ್ಮ ಬಗ್ಗಿ ನೋಡಿದಳು.

"ಏಮಿರಾ, ಯಾಕೆ ನಿಂತ್ಕೊಂಡೆ?"

"ಹಳೇದನ್ನ ವರೆಸ್ಬೇಕಂತೆ ಅಮ್ಮ."

"ಪೂರಾನಾ? ಬ್ಯಾಡ್ರಾ ಅಬ್ಬಾಯಿ. ಹಳೇದರ ತುದಿ ಇಲ್ದಂಗೆ ಹೊಸದು ಎಲ್ಲಿ ಹಿಡ್ಕೊಂತೈತೆ? ಆ ಸಾಬರಿಗೆ ಮಗ್ಗದ ಕೆಲಸ ಗೊತ್ತಿಲ್ಲ, ಅದಕ್ಕೆ ಹಂಗಂತಾರೆ."

ನನಗೆ ಬೇಕಾಗಿದ್ದದ್ದೇ ಇಂಥದೊಂದು ಮಾತು. ರಫೀಕ್ ಭಾಯಿಗೆ ಮಗ್ಗದ ಕೆಲಸ ಗೊತ್ತಿಲ್ಲ ಎಂಬುದಂತೂ ನಿಜ. ಅಮ್ಮನಿಗೂ ನನಗೂ ಕಂಪ್ಯೂಟರಿನ ಕೆಲಸ ಗೊತ್ತಿಲ್ಲ ಎಂಬ ಇನ್ನೊಂದು ನಿಜವನ್ನು ಆ ಹೊತ್ತಿಗೆ ಯಾರೂ ಎತ್ತಲಿಲ್ಲ. ಹಳೆಯ ಪೇಸ್ಟಿನ ಮೇಲೆಯೇ ಹೊಸದನ್ನು ಹಾಕಿದೆ. ಜೋಳದ ಕಾಳಷ್ಟು ಹಾಕಿದರೆ ಅಮ್ಮ, "ಇಷ್ಟೇನಾ? ಬಂದವರಿಗೆ ಬಡಿಸೋ ಹಂಗೆ ಹಾಕ್ರಾ" ಎಂದಳು. ಅರ್ಧ ಕೊಳವೆ ಖಾಲಿಯಾಯಿತು. ತಟ್ಟೆ ಒತ್ತಿದಾಗ ನಾಲ್ಕೂ ಕಡೆಯಿಂದ ಮೆತ್ತಗೆ ಹೊರಬಂತು. ನಮ್ಮ ಮನೆಯಲ್ಲಿ ಏನಾದರೂ ತುಂಬಿ ಹೊರಬಂದರೆ ಅದು ಶುಭ.

ಕಂಪ್ಯೂಟರು ಹಚ್ಚಿದೆವು. ಅಮ್ಮ ಕೈಮುಗಿದಳು. ಮೊದಲಾದರೆ ಮೂರು ನಾಲ್ಕು ಚೌಕುಳಿ ತುಂಬುವಷ್ಟು ಪುರುಸೊತ್ತು ಕೊಡುತ್ತಿತ್ತು. ಈ ಸಲ ಬಳ್ಳಿ ತೆರೆಯುವುದಕ್ಕೂ ಬಿಡಲಿಲ್ಲ. ಪಟ್ಟೆಗಳು ಮಾತ್ರ ಮೊದಲಿಗಿಂತ ಚೆನ್ನಾಗಿ ಬಂದವು. ಅಮ್ಮ ಆ ಪಟ್ಟೆಗಳನ್ನೇ ನೋಡುತ್ತ, "ಬಣ್ಣ ಚೆನ್ನಾಗೈತೆ, ಇದನ್ನೇ ಸೀರೆ ಮಾಡು" ಎಂದಳು.

ಮದುವೆಗೆ ದಿನ ಹತ್ತಿರವಾಗುತ್ತಿತ್ತು. ಅಂಚು ಮುಗಿದರೆ ತಾನೆ ಅದಕ್ಕೆ ತಕ್ಕಂತೆ, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ಹೇಳುವ ರಟ್ಟುಗಳಿಗೆ ತೂತು ಹೊಡೆಸಬೇಕು, ತೂತಿನ ರಟ್ಟುಗಳನ್ನು ಮಾಲೆ ಕಟ್ಟಿ ಮಗ್ಗದ ಮೇಲೆ ಏರಿಸಬೇಕು, ಆಮೇಲೆ ನೇಯಬೇಕು. ಕಾರ್ಡನ್ನು ರೇಷ್ಮೆಯ ತುಂಡೆಳೆಗಳಲ್ಲಿ ಸುತ್ತಿ, ಸರೋಜಳ ಊಟದ ಡಬ್ಬಿಯಲ್ಲಿಟ್ಟು ಚಳ್ಳಕೆರೆ ಬಸ್ಸು ಹತ್ತಿದೆ. ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೂತಿದ್ದನ್ನು ಪಕ್ಕದ ಸೀಟಿನ ಅಜ್ಜಿ ತಳಕಿನವರೆಗೆ ಸಹಿಸಿಕೊಂಡಳು.

"ಏನಪ್ಪ ಅದು, ತಿಂಬೋದಾ?"

"ಅಲ್ಲಮ್ಮ, ಕಂಪ್ಯೂಟರಿನ ಕಾರ್ಡು."

"ಡಬ್ಬೀಲಿ ಇಡೋವಂಥ ಕಾರ್ಡಾ? ನಮ್ ರೇಷನ್ ಕಾರ್ಡು ಮಡಿಸಿ ಎಲೆ ಅಡಿಕೆ ಚೀಲದಾಗೆ ಇಟ್ಕೊಂಡೀನಿ ನೋಡು" ಎಂದು ತೋರಿಸಿದಳು. ಆಮೇಲೆ ನನ್ನ ಮುಖ ನೋಡಿ, "ಉಷಾರಿಲ್ವಾ ಅದಕ್ಕೆ?" ಎಂದಳು. ಜ್ವರ ಎಂದೆ. ಅಜ್ಜಿ ತಲೆಯಾಡಿಸಿ, ತನ್ನ ಸೀರೆಯ ಮಡಿಲಿನಿಂದ ಒಂದು ಹಿಡಿ ಶೇಂಗಾ ತೆಗೆದು ನನ್ನ ಕೈಗೆ ಹಾಕಿದಳು. ತಿನ್ನಬೇಕು ಎಂದೇ ಕೊಟ್ಟಿದ್ದು. ನಾನು ಒಂದನ್ನು ಎತ್ತಿ, ನಡು ಎಲ್ಲಿ ಸಣ್ಣಗಾಗುತ್ತದೆ, ಗೆರೆ ಹೇಗೆ ತಿರುಗುತ್ತದೆ ಎಂದು ಚಳ್ಳಕೆರೆ ಬರುವವರೆಗೂ ತಿರುಗಿಸಿ ತಿರುಗಿಸಿ ನೋಡಿದೆ. ಜ್ವರ ನನಗೂ ಇದೆಯೇನೋ ಎಂದು ಅಜ್ಜಿಗೆ ಅನುಮಾನ ಬಂದಿರಬೇಕು.

ರಫೀಕ್ ಭಾಯಿ ಡಬ್ಬಿ ಬಿಚ್ಚಿ, ತಟ್ಟೆ ಎತ್ತಿ, ಒಳಗೆ ಬಗ್ಗಿ ನೋಡಿದರು. ಆಮೇಲೆ ಅಂಗಡಿಯೆಲ್ಲ ಕೇಳುವಂತೆ ನಕ್ಕರು.

"ಅರೆ ಸಾಬ್, ಇದೇನು! ಮುದ್ದೆ ಮೇಲೆ ತುಪ್ಪ ಸುರಿದಂಗೆ ಸುರ್ದೀರಲ್ಲ! ಮೇಲೆ ಇಷ್ಟು, ಕೆಳಗೆ ಹಳೇದೂ ಹಂಗೇ ಐತೆ. ವರೆಸಿ ಅಂದಿದ್ದೆ ತಾನೆ?"

"ಅಂದಿದ್ರಿ."

"ಮತ್ತೆ?"

ನಾನು ಮಗ್ಗ, ಎಳೆ, ಬೂದಿ, ಹಳೆಯ ತುದಿ ಎಲ್ಲವನ್ನೂ ವಿವರಿಸಿದೆ. ಅವರು ಅರ್ಧ ಕೇಳಿ ಕೈ ಎತ್ತಿದರು. "ಅದು ಎಳ್ಕೊಂಡು ಬರೋ ಕೆಲಸ ಸಾಬ್, ಸೇರಿರ್ಬೇಕು. ಇದು ಬಿಸಿ ದಾಟ್ಕೊಂಡು ಹೋಗೋ ಕೆಲಸ, ನಡುವೆ ಅಡ್ಡ ಇರಬಾರ್ದು. ಭಾಬಿ ಇದ್ದಿದ್ರೆ ನಿಮ್ಮನ್ನ ಇಷ್ಟೊತ್ತಿಗೆ ಮನೆ ಹೊರಗೆ ನಿಲ್ಸಿರೋರು. ಅವ್ರು ಬಂದ್ರೆ ನಮ್ ಅಂಗಡೀಲಿ ಸ್ಕ್ರೂ ಡ್ರೈವರು ನನ್ ಕೈಗೇ ಸಿಗ್ತಿರ್ಲಿಲ್ಲ."

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅವರು ಒರೆಸಲು ಬಗ್ಗಿದರು. ನನ್ನ ಕೈ ತಾನಾಗಿ ಮುಂದೆ ಹೋಗಿ ಅವರ ಮಣಿಕಟ್ಟು ಹಿಡಿಯಿತು. ಇಬ್ಬರಿಗೂ ನಾಚಿಕೆಯಾಯಿತು. ಅವರು ಕಾರ್ಡನ್ನು ಬೆಳಕಿಗೆ ಹಿಡಿದು ನಾನು ನೋಡುತ್ತಿದ್ದ ಜಾಗವನ್ನು ನೋಡಿದರು. ಬೆರಳಿನ ಗೆರೆಗಳನ್ನು ನೋಡಿದರು.

"ಭಾಬೀದಾ?"

ಹೌದೆಂದೆ.

"ಇದು ಚಿಪ್ಪಿಂದ ಆಚೆ ಐತೆ. ಇದ್ರಿಂದ ಏನೂ ತೊಂದ್ರೆ ಇಲ್ಲ. ಇರ್ಲಿ. ನಡುವಿಂದು ಮಾತ್ರ ಸಾಫ್ ಆಗ್ಬೇಕು" ಎಂದು ಹತ್ತಿಯನ್ನು ನನ್ನ ಕೈಗೆ ಕೊಟ್ಟರು. "ನೀವೇ ಮಾಡ್ರಿ. ನಾನು ಚಾ ಹೇಳಿ ಬರ್ತೀನಿ." ಚಾ ಅಂಗಡಿ ಎದುರಿಗೇ ಇತ್ತು. ಕೂತಲ್ಲಿಂದ ಕೂಗಿದರೆ ಸಾಕಿತ್ತು. ಅವರು ಎದ್ದು ಹೋಗಿ, ಚಾ ಕುಡಿದು ಮುಗಿಸುವಷ್ಟು ಹೊತ್ತು ಅಲ್ಲೇ ನಿಂತಿದ್ದರು.

ಒರೆಸಿದೆ. ಒಣಗಿದ್ದು ಮೊದಲು ಬರಲಿಲ್ಲ, ಆಮೇಲೆ ಪುಡಿಪುಡಿಯಾಗಿ ಬಂತು. ಕೆಳಗೆ ಚಿಪ್ಪು ಕನ್ನಡಿಯಂತೆ ಹೊಳೆಯಿತು. ಅದರಲ್ಲಿ ನನ್ನ ಮೂಗು ಕಂಡಿತು, ಸ್ವಲ್ಪ ದಪ್ಪಗೆ. ಪಕ್ಕದ ಬೆರಳ ಗುರುತಿಗೆ ಹತ್ತಿ ತಾಗದಂತೆ, ಸೀರೆಯ ಅಂಚಿಗೆ ಬಣ್ಣ ತಾಗದಂತೆ ಹುಷಾರಾಗಿರುತ್ತೇವಲ್ಲ, ಹಾಗೆ ಮಾಡಿದೆ. ರಫೀಕ್ ಭಾಯಿ ಬಂದು ಜೋಳದ ಕಾಳಷ್ಟು ಹಾಕಿಸಿ, ತಟ್ಟೆ ಒತ್ತಿಸಿ, ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರು. ಪರೀಕ್ಷೆಗೆಂದು ಒಂದು ಕಾರ್ ರೇಸು ಹಚ್ಚಿದರು. ಪರೀಕ್ಷೆ ಬಹಳ ಹೊತ್ತು ನಡೆಯಿತು. ಅವರು ಎರಡು ಸಲ ಗೆದ್ದರು.

"ಮಂಜುಗಡ್ಡೆ ಸಾಬ್! ಮುಟ್ಟಿ ನೋಡ್ರಿ" ಎಂದರು. ಅಂಚಿನ ವಿಷಯ ಕೇಳಿ, "ನಾಲ್ಕು ಆಗೈತಲ್ಲ, ಅದ್ರಾಗೆ ಒಂದನ್ನ ಕಾಪಿ ಹೊಡ್ದು ಐದನೇ ಜಾಗಕ್ಕೆ ಹಾಕಿ, ಮುಗೀತು" ಎಂದೂ ಹೇಳಿಕೊಟ್ಟರು. ಒಳ್ಳೆಯ ಸಲಹೆ. ಕೇಳಿದ ಎಲ್ಲ ಸಲಹೆಗಳಿಗೂ ಅಂದಂತೆ ಅದಕ್ಕೂ ಹೂಂ ಎಂದೆ.

ಮನೆಗೆ ಬಂದು ಕಾರ್ಡು ಸಿಕ್ಕಿಸಿದೆ. ಬಳ್ಳಿ ತೆರೆಯಿತು. ನಾಲ್ಕು ಕಾಯಿ ಕಂಡವು. ಪಟ್ಟೆ ಬರಲಿಲ್ಲ. ಊಟ ಮಾಡಿ ಬಂದೆ, ಇನ್ನೂ ಬಳ್ಳಿ ಹಾಗೇ ಇತ್ತು. ಮಧ್ಯಾಹ್ನದ ಬಿಸಿಲಿಗೆ ನಮ್ಮ ಗುಡ್ಡಗಳೇ ಬೆವರುವ ಹೊತ್ತಿನಲ್ಲೂ ಆ ಕಾರ್ಡು ತಣ್ಣಗೆ ಗಾಳಿ ಬೀಸಿಕೊಳ್ಳುತ್ತ, ನನ್ನನ್ನು ಕಾಯುತ್ತ ಕೂತಿತ್ತು. ನಾನು ಕಷ್ಟಕ್ಕೆ ಸಿಕ್ಕಿದ್ದು ಆಗಲೇ. ಇಷ್ಟು ದಿನ ಕಾಯಿ ಬಾರದ್ದಕ್ಕೆ ಕಾರಣ ಕಾರ್ಡು ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡಿದ್ದೆ. ಈಗ ಕಾರ್ಡು ಸರಿಯಾಗಿತ್ತು, ಹೇಳಲು ಕಾರಣವಿರಲಿಲ್ಲ.

ನಾನು ಬರೆದ ಮೊದಲ ಕಾಯಿ ಕುಂಬಳವಾಯಿತು. ಎರಡನೆಯದು ಹವಾಯಿ ಚಪ್ಪಲಿಯ ಅಡಿಯಂತೆ ಬಂತು. ಅಜ್ಜಿ ಕೊಟ್ಟ ಶೇಂಗಾಗಳನ್ನು ಕೀಬೋರ್ಡಿನ ಪಕ್ಕ ಸಾಲಾಗಿ ಇಟ್ಟುಕೊಂಡು ನೋಡಿ ಬರೆದೆ. ಅಮ್ಮ ಅವನ್ನು ಒಂದೊಂದಾಗಿ ತಿಂದಳು. ಕಾಪಿ ಹೊಡೆಯುವ ಗುಂಡಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಬಹಳ ಸಲ ಬೆರಳು ಅದರ ಹತ್ತಿರ ಹೋಗಿ ವಾಪಸು ಬಂತು. ನಾಲ್ಕನ್ನೂ ಬೇರೆ ಬೇರೆ ಬರೆದವಳು ಐದನೆಯದನ್ನೂ ಬೇರೆಯೇ ಬರೆಯುತ್ತಿದ್ದಳು. ನನ್ನದು ಬೇರೆಯಾಗಿ ಬರುವುದರಲ್ಲಂತೂ ಅನುಮಾನವಿರಲಿಲ್ಲ. ಕೊನೆಗೆ, ದೂರದಿಂದ ನೋಡಿದರೆ, ಕಣ್ಣು ಸ್ವಲ್ಪ ಕಿರಿದು ಮಾಡಿಕೊಂಡರೆ, ಶೇಂಗಾ ಎನ್ನಬಹುದಾದ ಒಂದು ಆಕಾರ ಬಂತು. ಕೆಳಗೆ ಬೇರು ಬರೆಯಲು ಹೋಗಿ ನಾಲ್ಕೈದು ಗೆರೆ ಹೆಚ್ಚಾದವು. ಖುಷಿಯಾಯಿತು. ಆ ಖುಷಿಯಲ್ಲೇ ರಟ್ಟಿಗೆ ತೂತು ಹೊಡೆಸಿ, ಮಾಲೆ ಏರಿಸಿ, ಅಮ್ಮನ ಕೈಯಲ್ಲಿ ಎಳೆ ಹೊಸೆಸಿ, ಮಗ್ಗಕ್ಕೆ ಇಳಿದೆ.

ನಾಲ್ಕು ಕಾಯಿ ಚೆಂದ ಬಂದವು. ಐದನೆಯದು ಬಂದಾಗ ಅಮ್ಮ ಬಗ್ಗಿದಳು.

"ಇದೇನ್ರಾ, ಜೆರ್ರಿ?"

ಜೆರ್ರಿ ಎಂದರೆ ತೆಲುಗಿನಲ್ಲಿ ಜರಿಹುಳು. ನನ್ನ ಬೇರುಗಳು ಅವಳಿಗೆ ಕಾಲುಗಳಂತೆ ಕಂಡಿದ್ದವು. ಒಂದು ತಾನೆ, ಹೋಗಲಿ ಎಂದುಕೊಂಡು ಮುಂದೆ ನೇಯ್ದೆ. ಇನ್ನೂ ಸ್ವಲ್ಪ ಮುಂದೆ ಹೋದಾಗ ಅದು ಮತ್ತೆ ಬಂತು. ಆಗ ನನ್ನ ಕೈ ನಿಂತಿತು. ರಟ್ಟಿನ ಮಾಲೆ ಸುತ್ತುತ್ತದೆ, ಒಮ್ಮೆ ಬರೆದದ್ದು ಸೀರೆಯ ಉದ್ದಕ್ಕೂ ಬಾರಿ ಬಾರಿಗೂ ಬರುತ್ತದೆ ಎಂಬುದು ನಮ್ಮ ಬೀದಿಯ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಪೇಸ್ಟಿನ ಗೆಲುವಿನಲ್ಲಿ ಅದೊಂದು ಮರೆತುಹೋಗಿತ್ತು. ಬಿಚ್ಚಿ ಹೊಸ ರಟ್ಟು ಹೊಡೆಸಲು ದಿನವಿರಲಿಲ್ಲ. ಸರೋಜಳ ನಾಲ್ಕು, ನನ್ನದೊಂದು, ಸರೋಜಳ ನಾಲ್ಕು, ನನ್ನದೊಂದು ಎಂದು ಸೀರೆ ಮುಗಿಯುವವರೆಗೂ ನೇಯ್ದೆ. ಎರಡೂ ಅಂಚಿನಲ್ಲಿ. ಎದುರುಮನೆಯ ಮೇಷ್ಟ್ರು ಬಂದು ಸೀರೆಯನ್ನು ತುದಿಯಿಂದ ತುದಿಗೆ ನೋಡಿ, "ಹಾರ್ಮೋನಿಯಂ ಇನ್ನೂ ಹಂಗೇ ಐತೆ ಕಣಯ್ಯ" ಎಂದು ಹೋದರು.

ಮದುವೆ ಚಳ್ಳಕೆರೆಯಲ್ಲಾಯಿತು. ಕಾವ್ಯ ಆ ಸೀರೆ ಉಟ್ಟು ಹಸೆಮಣೆಯ ಮೇಲೆ ಕೂತಳು. ಚೆಂದ ಕಂಡಳು. ನಾನು ಕಂಬದ ಹಿಂದೆ ನಿಂತಿದ್ದೆ. ನಾನು ಊಟಕ್ಕೆ ಕೂತಾಗ ಸುಶೀಲ ಮಗಳನ್ನು ನನ್ನ ಮುಂದೆ ತಂದು ನಿಲ್ಲಿಸಿ, ಸೆರಗಿನ ಅಂಚನ್ನು ಅಂಗೈ ಮೇಲೆ ಹರಡಿಕೊಂಡಳು. ಬೆರಳಿಟ್ಟು ಓದಿದಳು.

"ಅಕ್ಕಂದು. ಇದೂ ಅಕ್ಕಂದು. ಅಕ್ಕಂದು. ಅಕ್ಕಂದು." ಬೆರಳು ನಿಂತಿತು. "ಇದ್ಯಾರ್ದು ಬಾವ?"

ನಾನು ಎಲೆಯ ತುದಿಯ ಉಪ್ಪನ್ನು ಸರಿಸಿದೆ. "ಆ ಕಾರ್ಡು ಹಳೇದಮ್ಮ. ಬಿಸಿಯಾಗಿ ಹಂಗೆ ಬಂತು."

ಪಕ್ಕದ ಎಲೆಯಲ್ಲಿ ರಫೀಕ್ ಭಾಯಿ ಊಟಕ್ಕೆ ಕೂತಿದ್ದನ್ನು ನಾನು ನೋಡಿರಲಿಲ್ಲ. ಅವರು ಹೋಳಿಗೆಯನ್ನು ಎಲೆಯ ಮೇಲಿಟ್ಟು, "ಅರೆ ಸಾಬ್! ಕಾರ್ಡಿನ ಮೇಲೆ ಹಾಕಬ್ಯಾಡ್ರಿ, ಅದು ಮಂಜುಗಡ್ಡೆ ಐತೆ!" ಎಂದು ಸಾಲಿನವರೆಲ್ಲ ಕೇಳುವಂತೆ ಕೂಗಿದರು.

ಸುಶೀಲ ನಕ್ಕಳು, ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು. "ಇರ್ಲಿ ಬಿಡ್ರಿ ಬಾವ. ನಾಲ್ಕು ಆದ್ಮ್ಯಾಲೆ ಒಂದು ಬರ್ತೈತೆ, ಅಕ್ಕನ ಹಿಂದೆ ನೀವು ಬ್ಯಾಟ್ರಿ ಹಿ‌ಡ್ಕೊಂಡು ಓಡಾಡ್ತಿದ್ದಂಗೆ" ಎಂದಳು. ಟಾರ್ಚಿನ ವಿಷಯ ಇವಳಿಗೆ ಹೇಗೆ ಗೊತ್ತು ಎಂದು ಕೇಳಬೇಕೆನಿಸಿತು. ಅಕ್ಕ ತಂಗಿ ಫೋನಿನಲ್ಲಿ ನಗುತ್ತಿದ್ದದ್ದು ಯಾವುದಕ್ಕೆ ಎಂದು ಈಗ ಗೊತ್ತಾದಂತಾಯಿತು. ಕಾರ್ಡು ಈಗಲೂ ತಣ್ಣಗಿದೆ. ಆವತ್ತು ಬಿಸಿಯಾಗಿದ್ದು ನನ್ನ ಕಿವಿ. ಅದಕ್ಕೆ ಹಚ್ಚುವ ಪೇಸ್ಟನ್ನು ಮಾತ್ರ ರಫೀಕ್ ಭಾಯಿ ಇನ್ನೂ ಬಸ್ಸಿನಲ್ಲಿ ಕಳಿಸಿಲ್ಲ.